ಲಿಂಕ್ ಕಳಿಸುವಷ್ಟು ಇಷ್ಟವಾದ ಕೆಲವು ಯೂಟ್ಯೂಬ್ ಚಾನೆಲ್‌ಗಳು

ಕಲೆ, ವಿಜ್ಞಾನ, ಸಂಗೀತ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವುದಕ್ಕೆ ಕೊನೆಯೇ ಇಲ್ಲ. ಆದರೆ ಬೇರೆಯವರಿಗೆ ಲಿಂಕ್ ಕಳಿಸಿ, ಇದನ್ನು ನೋಡಲೇಬೇಕು ಕಣ್ರೀ ಅಂತ ಧೈರ್ಯವಾಗಿ ಹೇಳುವಂಥವು ಕಮ್ಮಿ. ಆರಿಸುವಾಗ ನಾನು ನೋಡುವುದು ಮುಖ್ಯವಾಗಿ ಒಂದೇ ವಿಷಯ. ಮಾತಾಡುವವರ ಕಣ್ಣೆದುರು ಆ ವಸ್ತು ಇದೆಯಾ? ಚಿತ್ರದ ಬಗ್ಗೆ ಹೇಳುವವರು ಅದನ್ನು ನೋಡ್ತಾ ನೋಡ್ತಾ ಹೇಳುತ್ತಿದ್ದಾರಾ, ರಾಸಾಯನಿಕದ ಬಗ್ಗೆ ಹೇಳುವವರು ಅದನ್ನು ಕೈಯಲ್ಲಿ ಹಿಡಿದಿದ್ದಾರಾ, ಅಷ್ಟೇ. ಈಗ ಬರುವ ಎಷ್ಟೋ ವಿಡಿಯೋಗಳಲ್ಲಿ ಯಾರೋ ಬರೆದದ್ದನ್ನು ಯಂತ್ರದ ದನಿ ಓದುತ್ತದೆ, ಹಿಂದೆ ಸಂಬಂಧವೇ ಇಲ್ಲದ ಚಿತ್ರಗಳು ಓಡುತ್ತವೆ, ಹತ್ತು ನಿಮಿಷ ಕಳೆದ ಮೇಲೆ ಏನು ನೋಡಿದೆವು ಅಂತ ಕೇಳಿದರೆ ಏನೂ ನೆನಪಿರುವುದಿಲ್ಲ. ಅಂಥವನ್ನು ನಾನು ಯಾರಿಗೂ ಕಳಿಸುವುದಿಲ್ಲ. ಕಳಿಸುವ ಕೆಲವನ್ನು ಇಲ್ಲಿ ಹೇಳುತ್ತೇನೆ, ಅವುಗಳ ಕೊರತೆ ಸಮೇತ.

ಮೊದಲನೆಯದು ‘ಪೀರಿಯಾಡಿಕ್ ವಿಡಿಯೋಸ್’. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದವರು ಮತ್ತು ಬ್ರೇಡಿ ಹರನ್ ಅನ್ನುವ ವಿಡಿಯೋ ಪತ್ರಕರ್ತ ಸೇರಿ 2008ರಲ್ಲಿ ಶುರು ಮಾಡಿದ್ದು. ಆವರ್ತ ಕೋಷ್ಟಕದ ಒಂದೊಂದು ಧಾತುವಿಗೂ ಒಂದೊಂದು ವಿಡಿಯೋ, ಇದಿಷ್ಟೇ ಯೋಜನೆ. ಈಗ 118 ಧಾತುಗಳಿಗೂ ವಿಡಿಯೋ ಇದೆ, ಅದರ ಮೇಲೆ ನೂರಾರು ಬೇರೆ ವಿಡಿಯೋಗಳೂ ಇವೆ. ಇದರ ಜೀವಾಳ ಪ್ರೊಫೆಸರ್ ಮಾರ್ಟಿನ್ ಪೊಲಿಯಾಕಾಫ್. ತಲೆ ತುಂಬಾ ಕೆದರಿದ ಕೂದಲು, ಕುತ್ತಿಗೆಯಲ್ಲಿ ಆವರ್ತ ಕೋಷ್ಟಕ ಅಚ್ಚಾದ ಟೈ, ಪುಸ್ತಕ ಪೇಪರು ತುಂಬಿದ ಕೋಣೆ. ಅವರು ಕಥೆ ಹೇಳುವ ಹಾಗೆ ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಪ್ರಯೋಗ ಮಾಡುವವರು ನೀಲ್ ಬಾರ್ನ್ಸ್, ಅವರು ಮಾತಾಡುವುದೇ ಅಪರೂಪ. ಕನ್ನಡಕ ಹಾಕಿಕೊಂಡು, ಕೈಗವಸು ಹಾಕಿಕೊಂಡು, ಕೆಲಸ ಮಾಡಿ ತೋರಿಸುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕೈಕೆಲಸ ಎರಡೂ ಸೇರಿದಾಗ ಆಗುವ ಪರಿಣಾಮವೇ ಬೇರೆ.

ನಾನು ಎಲ್ಲರಿಗೂ ಮೊದಲು ಕಳಿಸುವುದು ಸೀಸಿಯಂ ವಿಡಿಯೋ. ಶಾಲೆಯಲ್ಲಿ ನಾವು ಸೀಸಿಯಂ ಅನ್ನುವುದನ್ನು ಒಂದು ಚೌಕದೊಳಗಿನ ಎರಡಕ್ಷರವಾಗಿ ಓದಿದ್ದು, ಅಲ್ವಾ? ಮೊದಲ ಗುಂಪು, ಕ್ಷಾರ ಲೋಹ, ನೀರಿನ ಜೊತೆ ಜೋರಾಗಿ ವರ್ತಿಸುತ್ತದೆ, ಪರೀಕ್ಷೆಗೆ ಇಷ್ಟು ಬರೆದರೆ ಮಾರ್ಕ್ಸು ಸಿಗುತ್ತಿತ್ತು. ಅದು ಚಿನ್ನದ ಬಣ್ಣದ ಲೋಹ ಅಂತ ಯಾರೂ ಹೇಳಿರಲಿಲ್ಲ. ಗಾಳಿ ತಾಗಿದರೆ ಹೊತ್ತಿಕೊಳ್ಳುವುದರಿಂದ ಗಾಜಿನ ಕೊಳವೆಯೊಳಗೆ ಹಾಕಿ ಮುಚ್ಚಿಟ್ಟಿರುತ್ತಾರೆ. ಅದು ಕರಗುವುದು ಸುಮಾರು 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮನುಷ್ಯರ ಕೈ ಬಿಸಿ ಸಾಕು. ಇಂಗ್ಲೆಂಡಿನ ಚಳಿಯಲ್ಲಿ ಅದು ಗಟ್ಟಿಯಾಗಿರುತ್ತದೆ, ಅದೇ ಕೊಳವೆ ರಾಯಚೂರಿನ ಏಪ್ರಿಲ್ ತಿಂಗಳಲ್ಲಿದ್ದರೆ ಯಾರೂ ಮುಟ್ಟದೆಯೇ ಒಳಗೆ ದ್ರವವಾಗಿ ಓಲಾಡುತ್ತಿರುತ್ತದೆ. ಇದನ್ನು ಒಂಬತ್ತನೇ ಕ್ಲಾಸಿನ ಹುಡುಗಿಗೆ ಹೇಳಿ ನೋಡಿ. ಆಮೇಲೆ ಆ ಚೌಕ ಅವಳಿಗೆ ಸುಮ್ನೆ ಚೌಕವಾಗಿ ಕಾಣುವುದಿಲ್ಲ.

ಫ್ಲೋರಿನ್ ವಿಡಿಯೋ ಇನ್ನೂ ಗಂಭೀರವಾದದ್ದು. ಫ್ಲೋರಿನ್ ಅನಿಲವನ್ನು ನಾಟಿಂಗ್‌ಹ್ಯಾಮ್‌ನಲ್ಲಿ ತೋರಿಸಲು ಆಗದೆ ಅದರಲ್ಲೇ ಪಳಗಿದವರನ್ನು ಹುಡುಕಿಕೊಂಡು ಲೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾರೆ. ಬೆಂಕಿಕಡ್ಡಿ ಇಲ್ಲ, ಕಿಡಿ ಇಲ್ಲ, ಅನಿಲ ತಾಗಿದ ತಕ್ಷಣ ಹತ್ತಿ ಹೊತ್ತಿಕೊಳ್ಳುತ್ತದೆ. ಬೇರೆ ಚಾನೆಲ್ ಆಗಿದ್ದರೆ ಅಲ್ಲಿ ಢಂ ಢಂ ಅಂತ ಸಂಗೀತ ಹಾಕಿ ನಿಧಾನಗತಿಯಲ್ಲಿ ಆರು ಸಲ ತೋರಿಸುತ್ತಿದ್ದರು. ಇವರು ಪ್ರಯೋಗ ಮಾಡುವವರ ಎಚ್ಚರವನ್ನೂ ತೋರಿಸುತ್ತಾರೆ. ಯಾವ ಕವಾಟ ಮೊದಲು, ಎಷ್ಟು ದೂರ ನಿಲ್ಲಬೇಕು, ಯಾಕೆ ಅಷ್ಟು ಹೆದರಬೇಕು. ವಿಜ್ಞಾನ ಅಂದರೆ ಅರ್ಧ ಭಾಗ ಆ ಎಚ್ಚರವೇ ಅಂತ ನನಗೆ ಅನ್ನಿಸುತ್ತದೆ, ಅದು ಪುಸ್ತಕದಲ್ಲಿ ಸಿಗುವುದು ಕಷ್ಟ.

ಇವರು ಊರೂರು ತಿರುಗಿಯೂ ವಿಡಿಯೋ ಮಾಡುತ್ತಾರೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಹತ್ತಿರ ಇಟ್ಟರ್ಬಿ ಅಂತ ಒಂದು ಪುಟ್ಟ ಹಳ್ಳಿ, ಅಲ್ಲೊಂದು ಹಳೇ ಗಣಿ. ಇಟ್ರಿಯಂ, ಇಟರ್ಬಿಯಂ, ಟರ್ಬಿಯಂ, ಅರ್ಬಿಯಂ, ಈ ನಾಲ್ಕೂ ಧಾತುಗಳಿಗೆ ಹೆಸರು ಬಂದದ್ದು ಆ ಒಂದೇ ಹಳ್ಳಿಯಿಂದ. ಪ್ರೊಫೆಸರ್ ಅಲ್ಲಿಗೇ ಹೋಗಿ ಗಣಿಯ ಹತ್ತಿರ ನಿಂತು ಹೇಳುವಾಗ ಅವರ ಮುಖದಲ್ಲಿರುವ ಖುಷಿ, ತೀರ್ಥಯಾತ್ರೆಗೆ ಬಂದವರ ಖುಷಿ. ಬ್ಯಾಂಕ್ ಆಫ್ ಇಂಗ್ಲೆಂಡಿನ ಚಿನ್ನದ ಖಜಾನೆಯೊಳಗೂ ಹೋಗಿದ್ದಾರೆ. ಒಂದೊಂದು ಗಟ್ಟಿ ಹನ್ನೆರಡು ಕಿಲೋಗಿಂತ ಜಾಸ್ತಿ ತೂಗುತ್ತದೆ, ಅಂಥವು ಕಪಾಟು ಕಪಾಟು ತುಂಬ ಕೂತಿವೆ.

ಕೊರತೆ ಅಂದರೆ, 2008ರ ಹಳೇ ವಿಡಿಯೋಗಳಲ್ಲಿ ಕೆಲವು ತೀರಾ ಚಿಕ್ಕವು, ಚಿತ್ರವೂ ಅಷ್ಟಕ್ಕಷ್ಟೇ. ಕೋಷ್ಟಕದ ಕೊನೆಯಲ್ಲಿರುವ ಭಾರೀ ಧಾತುಗಳು ಕ್ಷಣದಲ್ಲಿ ಕ್ಷಯಿಸಿ ಹೋಗುವಂಥವು, ತೋರಿಸಲು ಏನೂ ಇರುವುದಿಲ್ಲ, ಹಾಗಾಗಿ ಅಲ್ಲಿ ಬರೀ ಮಾತು. ಮುಖ್ಯವಾದ ಧಾತುಗಳಿಗೆ ಆಮೇಲೆ ಹೊಸ ವಿಡಿಯೋ ಮಾಡಿದ್ದಾರೆ, ಹುಡುಕುವಾಗ ಹೊಸದನ್ನೇ ಆರಿಸಿಕೊಳ್ಳಿ. ಮಕ್ಕಳ ಜೊತೆ ದೊಡ್ಡವರೊಬ್ಬರು ಕೂತು ನೋಡಿದರೆ ಒಳ್ಳೆಯದು, ಇವು ಮನೆಯಲ್ಲಿ ಮಾಡುವ ಪ್ರಯೋಗಗಳಲ್ಲ.

ಚಿತ್ರಕಲೆಗೆ ಬಂದರೆ ನನ್ನ ಆಯ್ಕೆ ‘ಸ್ಮಾರ್ಟ್‌ಹಿಸ್ಟರಿ’. ಬೆತ್ ಹ್ಯಾರಿಸ್ ಮತ್ತು ಸ್ಟೀವನ್ ಝಕರ್ ಅನ್ನುವ ಇಬ್ಬರು ಕಲಾ ಇತಿಹಾಸಕಾರರು 2005ರಲ್ಲಿ ಶುರು ಮಾಡಿದ್ದು, ಲಾಭಕ್ಕಾಗಿ ನಡೆಸುವುದಲ್ಲ, ಎಲ್ಲವೂ ಉಚಿತ. ಇಬ್ಬರೂ ಮ್ಯೂಸಿಯಂನಲ್ಲೋ ಚರ್ಚಿನಲ್ಲೋ ಕಲಾಕೃತಿಯ ಮುಂದೆ ನಿಂತು ಮಾತಾಡಿಕೊಳ್ಳುತ್ತಾರೆ. ಬರೆದುಕೊಂಡು ಬಂದ ಭಾಷಣ ಇಲ್ಲ. ನಮಗೆ ಅವರ ಮುಖ ಕಾಣುವುದಿಲ್ಲ, ಕಾಣುವುದು ಚಿತ್ರ ಮಾತ್ರ. ಹಿನ್ನೆಲೆಯಲ್ಲಿ ಬೇರೆ ಜನರ ಓಡಾಟ, ಗುಸುಗುಸು ಕೇಳುತ್ತದೆ. ಒಬ್ಬರು ಏನೋ ಕಂಡುಹಿಡಿದು ಹೇಳುತ್ತಾರೆ, ಇನ್ನೊಬ್ಬರು ಅದನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತಾರೆ, ಕೆಲವೊಮ್ಮೆ ಒಪ್ಪುವುದಿಲ್ಲ. ಕಲೆಯ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದರಿಂದ ಒಂದು ಧೈರ್ಯ ಬರುತ್ತದೆ. ಓಹೋ, ಸುಮ್ನೆ ನಿಂತು ಕಣ್ಣಿಗೆ ಕಂಡದ್ದನ್ನು ಹೇಳುವುದರಿಂದಲೇ ಶುರು ಮಾಡಬಹುದು ಅಂತ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಯಾನ್ ವಾನ್ ಐಕ್ ಅನ್ನುವ ಚಿತ್ರಕಾರ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರದ ವಿಡಿಯೋ ನೋಡಿ. 82 ಸೆಂಟಿಮೀಟರ್ ಎತ್ತರ, 60 ಅಗಲ, ಅಷ್ಟೇ ಅದು. ಮನೆಯ ಗೋಡೆಗೆ ಹಾಕುವ ಕ್ಯಾಲೆಂಡರಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಏನೆಲ್ಲ ಇದೆ! ದೀಪದ ಗೊಂಚಲಿನಲ್ಲಿ ಉರಿಯುತ್ತಿರುವ ಒಂದೇ ಮೇಣದಬತ್ತಿ, ಕಿಟಕಿ ಹತ್ತಿರ ಕಿತ್ತಳೆ ಹಣ್ಣು, ಕಾಲ ಬಳಿ ನಾಯಿಮರಿ, ಕಳಚಿಟ್ಟ ಮರದ ಚಪ್ಪಲಿ. ಹಿಂದಿನ ಗೋಡೆಯಲ್ಲಿ ಒಂದು ಉಬ್ಬು ಕನ್ನಡಿ. ಆ ಕನ್ನಡಿಯಲ್ಲಿ ಗಂಡ ಹೆಂಡತಿಯ ಬೆನ್ನು ಕಾಣುತ್ತದೆ, ಬಾಗಿಲಲ್ಲಿ ನಿಂತ ಇನ್ನಿಬ್ಬರು ಕಾಣುತ್ತಾರೆ. ಕನ್ನಡಿಯ ಸುತ್ತ ಚೌಕಟ್ಟಿನಲ್ಲಿ ಹತ್ತು ಪುಟಾಣಿ ವೃತ್ತಗಳು, ಒಂದೊಂದರಲ್ಲೂ ಏಸುವಿನ ಕೊನೆಯ ದಿನಗಳ ಒಂದೊಂದು ದೃಶ್ಯ. ಕನ್ನಡಿಯ ಮೇಲೆ ಗೋಡೆಗೆ ಬರೆದ ಹಾಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು: ಯಾನ್ ವಾನ್ ಐಕ್ ಇಲ್ಲಿದ್ದ, 1434. ಇದು ಮದುವೆಯ ಚಿತ್ರವಾ, ಅಲ್ಲವಾ ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ.

ಆ ರುಜು ನೋಡಿದಾಗೆಲ್ಲ ನನಗೆ ನೆನಪಾಗುವುದು ಬೇಲೂರು. ಅಲ್ಲಿಯ ಚೆನ್ನಕೇಶವ ದೇವಸ್ಥಾನ 1117ರದ್ದು, ವಾನ್ ಐಕ್‌ಗಿಂತ ಮುನ್ನೂರು ವರ್ಷ ಹಳೆಯದು. ಅಲ್ಲಿ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಡ್ರೋನ್ ವಿಡಿಯೋಗಳಿಗೆ ಬರವಿಲ್ಲ. ಮೇಲಿಂದ ಹಾರಿಸಿ, ಕೊಳಲಿನ ಸಂಗೀತ ಹಾಕಿ, ಮೂರು ನಿಮಿಷಕ್ಕೆ ಮುಗಿಸುತ್ತಾರೆ. ಆದರೆ ಇಬ್ಬರು ತಿಳಿದವರು ಒಂದೇ ಒಂದು ಮದನಿಕೆಯ ಕೆಳಗೆ ನಿಂತು, ಆ ಬಳಪದ ಕಲ್ಲು ಯಾಕೆ ಅಷ್ಟು ನಯವಾಗಿ ಕೆತ್ತಿಸಿಕೊಳ್ಳುತ್ತದೆ, ಈ ಬೆರಳು ಯಾಕೆ ಹೀಗೆ ಬಾಗಿದೆ, ಆ ಅಕ್ಷರ ಯಾವ ಕಾಲದ್ದು ಅಂತ ಕನ್ನಡದಲ್ಲಿ ಎಂಟು ನಿಮಿಷ ಮಾತಾಡಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ! ಕಲ್ಲು ಇಲ್ಲೇ ಇದೆ, ತಿಳಿದವರೂ ಇದ್ದಾರೆ, ಮಾಡುವವರು ಮುಂದೆ ಬಂದರೆ ಮೊದಲ ಚಂದಾದಾರ ನಾನು.

ಸ್ಮಾರ್ಟ್‌ಹಿಸ್ಟರಿಯ ಕೊರತೆಯೂ ಇದಕ್ಕೆ ಹತ್ತಿರದ್ದೇ. ಯುರೋಪಿನ ಕಲೆಗೆ ಸಿಕ್ಕಷ್ಟು ಜಾಗ ಭಾರತಕ್ಕೆ ಸಿಕ್ಕಿಲ್ಲ. ಇನ್ನೊಂದು, ಚಲಿಸುವ ದೃಶ್ಯಗಳಿಗಿಂತ ಫೋಟೋಗಳೇ ಜಾಸ್ತಿ, ಕೆಲವರಿಗೆ ನಿದ್ದೆ ಬರಬಹುದು. ಅಂಥವರಿಗೆ ಜೇಮ್ಸ್ ಪೇನ್ ನಡೆಸುವ ‘ಗ್ರೇಟ್ ಆರ್ಟ್ ಎಕ್ಸ್‌ಪ್ಲೇನ್ಡ್’ ಕಳಿಸಿ. ಹೆಚ್ಚಿನವು ಒಂದು ಕೃತಿಗೆ ಹದಿನೈದು ನಿಮಿಷದ ಲೆಕ್ಕದಲ್ಲಿವೆ, ಬಿಗಿಯಾಗಿ ಕಟ್ಟಿದ ಕಥೆ. ನನಗೆ ಮಾತ್ರ ಇಬ್ಬರ ಮಾತುಕತೆಯೇ ಇಷ್ಟ.

ಈಗ ಅರವಿಂದ ಗುಪ್ತಾ. ಇವರನ್ನು ಹೇಳದೆ ಈ ಬರಹ ಮುಗಿಸಿದರೆ ತಪ್ಪಾಗುತ್ತದೆ. ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿ, ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟಾರ್ಸ್) ಕೆಲಸ ಮಾಡುತ್ತಿದ್ದವರು, 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿಂದ ಅವರ ದಾರಿಯೇ ಬದಲಾಯಿತು. ಕಸದಿಂದ ಆಟಿಕೆ, ಆಟಿಕೆಯಿಂದ ವಿಜ್ಞಾನ. ಪುಣೆಯ ಐಯುಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಾ ಅವರ ತಂಡ ಚಿಕ್ಕ ಚಿಕ್ಕ ವಿಡಿಯೋಗಳನ್ನು ಮಾಡಿ ಉಚಿತವಾಗಿ ಹಂಚಿತು. 2018ರಲ್ಲಿ ಪದ್ಮಶ್ರೀ ಬಂತು. ಹೆಚ್ಚಿನ ವಿಡಿಯೋಗಳು ಒಂದೆರಡು ನಿಮಿಷದವು, ಹಲವು ಭಾರತೀಯ ಭಾಷೆಗಳಲ್ಲಿವೆ, ಕನ್ನಡದಲ್ಲೂ ಇವೆ.

ಅವರ ಪುಟ್ಟ ಮೋಟಾರ್ ಒಂದನ್ನೇ ತೆಗೆದುಕೊಳ್ಳಿ. ಒಂದು ಟಾರ್ಚ್ ಸೆಲ್, ಎರಡು ಸೇಫ್ಟಿ ಪಿನ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಒಂದು ಆಯಸ್ಕಾಂತ, ಸ್ವಲ್ಪ ವೈಂಡಿಂಗ್ ವೈರ್, ಅಂದರೆ ಕರೆಂಟ್ ಹೊರಗೆ ತಾಗದ ಹಾಗೆ ಮೇಲೆ ಬಣ್ಣ ಬಳಿದ ತಾಮ್ರದ ತಂತಿ. ವೈರನ್ನು ಸೆಲ್ಲಿಗೇ ಸುತ್ತಿ ಸುರುಳಿ ಮಾಡಬೇಕು, ಎರಡು ಕಡೆ ತುದಿ ಹೊರಗೆ ಬಿಡಬೇಕು. ಪಿನ್ನುಗಳನ್ನು ರಬ್ಬರ್ ಪಟ್ಟಿಯಿಂದ ಸೆಲ್ಲಿನ ಎರಡು ತುದಿಗೆ ನಿಲ್ಲಿಸಿ, ಅವುಗಳ ತೂತಿನಲ್ಲಿ ಸುರುಳಿಯ ತುದಿಗಳನ್ನು ಕೂರಿಸಬೇಕು. ಸುರುಳಿಯ ಕೆಳಗೆ ಆಯಸ್ಕಾಂತ. ಇಡೀ ಗುಟ್ಟು ಇರುವುದು ತುದಿಗಳನ್ನು ಕೆರೆಯುವುದರಲ್ಲಿ. ಒಂದು ತುದಿಯ ಬಣ್ಣವನ್ನು ಸುತ್ತಲೂ ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಒಂದು ಬದಿಯ ಬಣ್ಣ ಹಾಗೇ ಬಿಡಬೇಕು. ಯಾಕೆ ಗೊತ್ತಾ? ಎರಡೂ ಪೂರ್ತಿ ಕೆರೆದರೆ ಕರೆಂಟ್ ಸದಾ ಹರಿಯುತ್ತದೆ, ಸುರುಳಿ ಅರ್ಧ ಸುತ್ತು ತಿರುಗಿದ ಮೇಲೆ ಅದೇ ಬಲ ಹಿಂದಕ್ಕೆ ಎಳೆಯುತ್ತದೆ, ಅಲ್ಲೇ ಅಲುಗಾಡುತ್ತಾ ನಿಂತುಬಿಡುತ್ತದೆ. ಬಣ್ಣ ಉಳಿದ ಬದಿ ಪಿನ್ನಿಗೆ ತಾಗಿದಾಗ ಕರೆಂಟ್ ಕಡಿದುಹೋಗುತ್ತದೆ, ಆ ಅರ್ಧ ಸುತ್ತನ್ನು ಸುರುಳಿ ತನ್ನ ವೇಗದಲ್ಲೇ ದಾಟುತ್ತದೆ, ಮತ್ತೆ ಕರೆಂಟ್ ಸಿಗುತ್ತದೆ. ದೊಡ್ಡ ಮೋಟಾರಿನಲ್ಲಿ, ಸರಿಯಾದ ಹೊತ್ತಿಗೆ ಕರೆಂಟ್ ಬದಲಿಸುವ ಕಮ್ಯುಟೇಟರ್ ಅನ್ನುವ ಭಾಗ ಮಾಡುವ ಕೆಲಸವನ್ನು ಇಲ್ಲಿ ಕೆರೆಯದೆ ಬಿಟ್ಟ ಒಂದಿಷ್ಟು ಬಣ್ಣ ಮಾಡುತ್ತದೆ. ಎಷ್ಟು ಸೊಗಸು ನೋಡಿ!

ಈ ವಿಡಿಯೋಗಳಲ್ಲಿ ಕೈ ಕಾಣುತ್ತದೆ, ವಸ್ತು ಕಾಣುತ್ತದೆ, ಮಾತು ಬೇಕಾದಷ್ಟೇ. ಹಳ್ಳಿ ಶಾಲೆಯ ಮೇಷ್ಟ್ರಿಗೂ ಅಮೆರಿಕದಲ್ಲಿರುವ ಅಕ್ಕನ ಮಗನಿಗೂ ನಾನು ಇದೇ ಲಿಂಕ್ ಕಳಿಸುತ್ತೇನೆ. ವೆಬ್‌ಸೈಟ್ ಮಾತ್ರ ಹಳೇ ಕಾಲದ ರೀತಿಯದು, ಬೇಕಾದ್ದನ್ನು ಹುಡುಕಲು ತಾಳ್ಮೆ ಬೇಕು. ಕನ್ನಡದ ದನಿ ಕೆಲವು ಕಡೆ ಪಠ್ಯಪುಸ್ತಕ ಓದಿದ ಹಾಗಿದೆ. ಆದರೂ ಇದಕ್ಕೆ ಸಾಟಿ ನಾನು ಕಂಡಿಲ್ಲ.

ಗಣಿತಕ್ಕೆ ‘ತ್ರೀ ಬ್ಲೂ ಒನ್ ಬ್ರೌನ್’. ಗಣಿತದಲ್ಲಿ ಕಣ್ಣೆದುರು ಇಡಲು ವಸ್ತು ಎಲ್ಲಿದೆ ಅಂತ ಕೇಳಬಹುದು. ಗ್ರಾಂಟ್ ಸ್ಯಾಂಡರ್ಸನ್ ಅದನ್ನು ಕಟ್ಟಿಕೊಡುತ್ತಾರೆ, ಚಿತ್ರಗಳನ್ನು ಚಲಿಸುವಂತೆ ಮಾಡಲು ತಮ್ಮದೇ ಪ್ರೋಗ್ರಾಂ ಬರೆದುಕೊಂಡಿದ್ದಾರೆ. ಅವರ 2019ರ ಒಂದು ವಿಡಿಯೋದಲ್ಲಿ ಎರಡು ದಿಮ್ಮಿಗಳು, ಒಂದು ಗೋಡೆ. ತಿಕ್ಕಾಟ ಇಲ್ಲದ ನೆಲದ ಮೇಲೆ ದೊಡ್ಡ ದಿಮ್ಮಿ ಬಂದು ಚಿಕ್ಕದಕ್ಕೆ ಹೊಡೆಯುತ್ತದೆ, ಚಿಕ್ಕದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಎರಡರ ತೂಕವೂ ಒಂದೇ ಆದರೆ ಒಟ್ಟು ಡಿಕ್ಕಿ 3. ದೊಡ್ಡದು 100 ಪಟ್ಟು ಭಾರ ಇದ್ದರೆ 31. ಹತ್ತು ಸಾವಿರ ಪಟ್ಟು ಇದ್ದರೆ 314. ಹತ್ತು ಲಕ್ಷ ಪಟ್ಟು ಇದ್ದರೆ 3141. ಇವು ಪೈ (3.1415...) ಸಂಖ್ಯೆಯ ಅಂಕಿಗಳೇ. ವೃತ್ತವೇ ಇಲ್ಲದ ಜಾಗದಲ್ಲಿ ಪೈ ಎಲ್ಲಿಂದ ಬಂತು? ಅವರು ಉತ್ತರವನ್ನು ತಕ್ಷಣ ಹೇಳುವುದಿಲ್ಲ, ಮುಂದಿನ ವಿಡಿಯೋಗೆ ಬಿಡುತ್ತಾರೆ, ಅಷ್ಟರಲ್ಲಿ ನೀವೇ ಯೋಚಿಸಿ ಅಂತ. ಆ ಗೌರವ ನನಗೆ ತುಂಬಾ ಇಷ್ಟ. ಆದರೆ ಇದು ಬಸ್ಸಿನಲ್ಲಿ ನೋಡುವಂಥದ್ದಲ್ಲ, ಪೇಪರು ಪೆನ್ನು ಹಿಡಿದು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಪಿಯುಸಿ ಗಣಿತ ಓದಿದವರಿಗೆ ಜಾಸ್ತಿ ದಕ್ಕುತ್ತದೆ.

‘ಪ್ರಿಮಿಟಿವ್ ಟೆಕ್ನಾಲಜಿ’ ಬಗ್ಗೆ ಎಲ್ಲರಿಗೂ ಗೊತ್ತು, ಆಸ್ಟ್ರೇಲಿಯಾದ ಕಾಡಿನಲ್ಲಿ ಜಾನ್ ಪ್ಲಾಂಟ್ ಮಾತಿಲ್ಲದೆ ಮಣ್ಣು ಕಲ್ಲಿನಿಂದ ಮನೆ, ಗೂಡು, ಕುಲುಮೆ ಕಟ್ಟುವುದು. ಒಂದೇ ಮಾತು ಹೇಳುತ್ತೇನೆ, ಸಬ್‌ಟೈಟಲ್ ಆನ್ ಮಾಡಿ. ಏನು ಮಾಡುತ್ತಿದ್ದಾರೆ, ಯಾಕೆ ಅನ್ನುವ ವಿವರಣೆ ಎಲ್ಲ ಅಲ್ಲಿದೆ, ತುಂಬಾ ಜನ ಅದನ್ನು ನೋಡಿಯೇ ಇಲ್ಲ.

ಸಂಗೀತಕ್ಕೆ ‘ದರ್ಬಾರ್ ಫೆಸ್ಟಿವಲ್’. ಬ್ರಿಟನ್ನಿನಲ್ಲಿ 2006ರಲ್ಲಿ ಶುರುವಾದ ಉತ್ಸವ, ಹಿಂದೂಸ್ತಾನಿ, ಕರ್ನಾಟಕ ಎರಡೂ ಇವೆ. ಧ್ವನಿಮುದ್ರಣ ಬಹಳ ಚೆನ್ನಾಗಿದೆ, ತಂಬೂರಿಯ ನಾದ ಕೂಡ ತುಂಬಿಕೊಂಡು ಕೇಳುತ್ತದೆ, ಕ್ಯಾಮೆರಾ ಬೆರಳುಗಳ ಹತ್ತಿರ ಹೋಗುತ್ತದೆ. ಪಂಡಿತ್ ವೆಂಕಟೇಶ್ ಕುಮಾರ್ ಅಲ್ಲಿ ಹಾಡಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಲಕ್ಷ್ಮೀಪುರದಲ್ಲಿ ಹುಟ್ಟಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತ ದನಿ ಅದು. ಸ್ವರಗಳನ್ನು ವೇಗವಾಗಿ ಓಡಿಸುವ ತಾನ್ ತೆಗೆಯುವಾಗಲೂ ಮುಖದಲ್ಲಿ ಒಂದಿಷ್ಟೂ ಆತುರ ಇಲ್ಲ. ಬೇಸರ ಏನಪ್ಪಾ ಅಂದರೆ ಯೂಟ್ಯೂಬ್‌ಗೆ ಹಾಕುವುದರಲ್ಲಿ ಹೆಚ್ಚಿನವು ತುಣುಕುಗಳು. ಪೂರ್ತಿ ಕಛೇರಿಗೆ ಅವರ ಚಂದಾ ಸೇವೆ ಬೇಕು. ಕಲಾವಿದರಿಗೆ ದುಡ್ಡು ಹೋಗಬೇಕಾದ್ದೇ, ನಾನು ಆಕ್ಷೇಪಿಸುವುದಿಲ್ಲ. ಆದರೆ ಮೇಲೆ ಹಾಕುವ ‘ಅದ್ಭುತ’, ‘ಅಮೋಘ’ ಅನ್ನುವ ತಲೆಬರಹ ಬೇಡವಾಗಿತ್ತು, ಹಾಡೇ ಹೇಳುತ್ತದೆ.

ನಮ್ಮ ಕರಾವಳಿಯವರು ಮಾಡಿಟ್ಟಿರುವ ಯಕ್ಷಗಾನದ ರೆಕಾರ್ಡಿಂಗ್‌ಗಳು ಇದಕ್ಕೆ ಪೂರಾ ವಿರುದ್ಧ. ರಂಗಸ್ಥಳದ ಎದುರು ಒಂದು ಕ್ಯಾಮೆರಾ, ರಾತ್ರಿಯಿಂದ ಬೆಳಗಿನ ತನಕ. ಕತ್ತರಿ ಇಲ್ಲ. ಚಂಡೆ ಜೋರಾದರೆ ಮೈಕ್ ಒದರುತ್ತದೆ, ಮುಂದೆ ಯಾರೋ ಎದ್ದು ಹೋಗುತ್ತಾರೆ. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ಈಗ ನೋಡಬೇಕಾದರೆ ಇವೇ ಗತಿ, 2017ರಲ್ಲಿ ಅವರು ಹೋದರು. ಒಂದು ಪದ್ಯಕ್ಕೆ ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಕಣ್ಣು ಹೇಗೆ ಹೊರಳುತ್ತದೆ, ಭಾಗವತರು ಅವರನ್ನು ನೋಡಿಕೊಂಡು ಹೇಗೆ ಮತ್ತೆ ಎತ್ತಿಕೊಡುತ್ತಾರೆ ಅನ್ನುವುದು ಐದು ನಿಮಿಷದ ತುಣುಕಿನಲ್ಲಿ ತಿಳಿಯುವುದಿಲ್ಲ. ತಾಳಮದ್ದಳೆಯೂ ಹಾಗೆಯೇ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೇ ರೆಕಾರ್ಡಿಂಗ್ ಹಾಕಿಕೊಂಡು ಅಡುಗೆ ಮಾಡುತ್ತಾ ಕೇಳಬಹುದು. ಬರೆದಿಟ್ಟ ಸಂಭಾಷಣೆ ಇಲ್ಲದೆ, ಎದುರಾಳಿ ಹೇಳಿದ್ದಕ್ಕೆ ಅಲ್ಲೇ ಹುಟ್ಟುವ ಉತ್ತರ. ಮಾತಿನ ಕಲೆ ಅಂದರೆ ಏನು ಅಂತ ಕೇಳುವವರಿಗೆ ಕೊಡಲು ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಲಿಂಕ್ ಇಲ್ಲ. ವಿಡಿಯೋದ ಕೆಳಗೆ ಪ್ರಸಂಗ, ಕಲಾವಿದರು, ಊರು, ವರ್ಷ ಬರೆಯದೇ ಹಾಕುವವರು ಮಾತ್ರ ದಯವಿಟ್ಟು ಬರೆಯಿರಿ. ಇನ್ನು ಇಪ್ಪತ್ತು ವರ್ಷ ಆದ ಮೇಲೆ ಹೇಳುವವರು ಯಾರೂ ಇರುವುದಿಲ್ಲ.

ಹಂಚುವ ಬಗ್ಗೆ ಸ್ವಲ್ಪ. ಮನೆಯ ಗುಂಪಿಗೆ ಬರೀ ಲಿಂಕ್ ಎಸೆದರೆ ಯಾರೂ ತೆರೆಯುವುದಿಲ್ಲ. ಯಾಕೆ ಕಳಿಸುತ್ತಿದ್ದೀರಿ ಅಂತ ಒಂದು ಸಾಲು ಬರೆಯಿರಿ. ಆರು ಗಂಟೆಯ ಯಕ್ಷಗಾನವಾದರೆ ಎಷ್ಟನೇ ನಿಮಿಷದಿಂದ ಅಂತ ಹೇಳಿ, ಕಂಪ್ಯೂಟರಿನಲ್ಲಿ ಶೇರ್ ಒತ್ತಿದಾಗ ಶುರುವಾಗುವ ಸಮಯ ಹಾಕುವ ಚೌಕ ಅಲ್ಲೇ ಕಾಣುತ್ತದೆ. ಬೇರೆಯವರ ವಿಡಿಯೋ ಕತ್ತರಿಸಿ, ಹೆಸರು ಅಳಿಸಿ, ಮೇಲೆ ಹಾಡು ಹಾಕಿ ಹರಿಯಬಿಟ್ಟ ತುಣುಕು ಬಂದರೆ ಅದನ್ನೇ ಮುಂದಕ್ಕೆ ತಳ್ಳಬೇಡಿ, ಮೂಲ ಚಾನೆಲ್ ಹುಡುಕಿ ಅದನ್ನು ಕಳಿಸಿ. ಇಂಗ್ಲಿಷ್ ವೇಗ ಜಾಸ್ತಿ ಅನ್ನಿಸುವವರಿಗೆ ವೇಗ ಇಳಿಸುವುದನ್ನು ತೋರಿಸಿಕೊಡಿ, ಸಬ್‌ಟೈಟಲ್ ಹಾಕಿಕೊಡಿ. ತಾನಾಗಿ ಕನ್ನಡಕ್ಕೆ ಆಗುವ ಅನುವಾದ ವಿಜ್ಞಾನದ ಪದಗಳಲ್ಲಿ ಎಡವುತ್ತದೆ, ಅದಕ್ಕಿಂತ ಪಕ್ಕದಲ್ಲಿ ಕೂತು ನೀವೇ ಹೇಳುವುದು ಒಳ್ಳೆಯದು. ಮೋಟಾರಿನ ವಿಡಿಯೋ ಕಳಿಸುವುದಾದರೆ ವೈರ್ ಎಲ್ಲಿ ಸಿಗುತ್ತದೆ ಅಂತಲೂ ಜೊತೆಗೆ ಬರೆಯಿರಿ. ಫ್ಯಾನು, ಪಂಪ್‌ಸೆಟ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಮಕ್ಕಳಿಗೆ ಅಂತ ಕೇಳಿದರೆ ಒಂದು ತುಂಡು ಕೊಡುತ್ತಾರೆ.